ಪೈಪ್ ಅರ್ಧಂಬರ್ಧ ತುಂಬಿ ಹರೀತಾ ಇದ್ರೆ ನೀರಿನ ಆಳ ಕಂಡುಹಿಡಿಯೋದು ಹೇಗೆ

ಪೈಪ್ ಪೂರ್ತಿ ತುಂಬಿ ಹರೀತಾ ಇದ್ರೆ ಲೆಕ್ಕ ಸಲೀಸು. ವೃತ್ತದ ಏರಿಯಾ ಗೊತ್ತು, ಸುತ್ತಳತೆ ಗೊತ್ತು, ಫಾರ್ಮುಲಾಗೆ ಹಾಕಿದ್ರೆ ಮುಗೀತು. ಆದ್ರೆ ಒಳಚರಂಡಿ ಪೈಪು, ಮಳೆನೀರು ಪೈಪು, ರಸ್ತೆ ಕೆಳಗಿನ ಮೋರಿ, ಇವ್ಯಾವೂ ಸಾಮಾನ್ಯವಾಗಿ ಪೂರ್ತಿ ತುಂಬಿ ಹರಿಯಲ್ಲ, ಮೇಲ್ಗಡೆ ಗಾಳಿಗೆ ಒಂದಿಷ್ಟು ಜಾಗ ಉಳೀಲಿ ಅಂತಾನೇ ಡಿಸೈನ್ ಮಾಡಿರ್ತಾರೆ. ಆಗ ಬರೋ ಪ್ರಶ್ನೆ ಏನಂದ್ರೆ, ಇಷ್ಟು ವ್ಯಾಸದ ಪೈಪು, ಇಷ್ಟು ಇಳಿಜಾರು, ಸೆಕೆಂಡಿಗೆ ಇಷ್ಟು ಲೀಟರ್ ನೀರು, ಹಾಗಾದ್ರೆ ಪೈಪ್ ಒಳಗೆ ನೀರು ಎಷ್ಟು ಎತ್ತರಕ್ಕೆ ನಿಂತಿರುತ್ತೆ?

ತುಂಬಾ ಜನ ಇಲ್ಲಿ ನೇರ ಅನುಪಾತ ಹಾಕಿಬಿಡ್ತಾರೆ, ಪೂರ್ತಿ ಹರಿವಿನ ಕಾಲು ಭಾಗ ಬಂದ್ರೆ ಆಳನೂ ವ್ಯಾಸದ ಕಾಲು ಭಾಗ ಅಂತ. ಅದು ತಪ್ಪು. ಕಾಲು ಭಾಗ ಹರಿವಿಗೆ ಆಳ ವ್ಯಾಸದ 34% ಹತ್ತಿರ ಬರುತ್ತೆ. ಹತ್ತನೇ ಒಂದು ಭಾಗ ಹರಿವಿಗೆ 21% ಆಸುಪಾಸು. ಅರ್ಧ ಹರಿವಿಗೆ ಮಾತ್ರ ಅರ್ಧ ಆಳ ಸರಿಯಾಗಿ ಕೂಡುತ್ತೆ, ಆ ಒಂದು ಕಡೆ ಕೂಡುತ್ತೆ ಅನ್ನೋದಕ್ಕೇ ಉಳಿದ ಕಡೆನೂ ಕೂಡುತ್ತೆ ಅಂತ ಜನ ನಂಬಿಬಿಡೋದು. ವೃತ್ತದ ತಳ ಕಿರಿದು, ನಡು ಅಗಲ, ಮೇಲೆ ಮತ್ತೆ ಕಿರಿದು. ಹಾಗಾಗಿ ಆಳದ ಒಂದೊಂದು ಸೆಂಟಿಮೀಟರಿಗೂ ಸೇರೋ ಏರಿಯಾ ಬೇರೆ ಬೇರೆ.

ಇದಕ್ಕೆಲ್ಲ ಕೀಲಿಕೈ ಕೋನ. ಆಳದಿಂದ ನೇರವಾಗಿ ಹರಿವಿಗೆ ಹೋಗಬೇಡಿ, ಹರಿವಿನಿಂದ ನೇರವಾಗಿ ಆಳಕ್ಕೂ ಬರಬೇಡಿ, ಯಾವಾಗಲೂ ನಡುವೆ ಕೋನ ಇಟ್ಕೊಳ್ಳಿ. ಇದೊಂದು ಅಭ್ಯಾಸ ಆದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ.

ಯಾವ ಕೋನ?

ಪೈಪನ್ನ ಅಡ್ಡಕ್ಕೆ ಕತ್ತರಿಸಿದ ಹಾಗೆ ಒಂದು ವೃತ್ತ ಬರೀರಿ. ನೀರಿನ ಮೇಲ್ಮೈಗೆ ಒಂದು ಅಡ್ಡಗೆರೆ ಎಳೀರಿ. ಆ ಗೆರೆ ವೃತ್ತಕ್ಕೆ ಎರಡು ಕಡೆ ತಾಗುತ್ತಲ್ಲ, ಆ ಎರಡು ಬಿಂದುಗಳಿಂದ ವೃತ್ತದ ಕೇಂದ್ರಕ್ಕೆ ಗೆರೆ ಎಳೆದ್ರೆ, ನೀರಿರೋ ಕಡೆ ಆಗೋ ಕೋನ ಇದೆಯಲ್ಲ ಅದೇ ನಮ್ಮ ಕೋನ. ಪುಸ್ತಕಗಳಲ್ಲಿ ಥೀಟಾ ಅಂತ ಬರೀತಾರೆ. ಪೈಪ್ ಖಾಲಿ ಇದ್ರೆ ಅದು 0, ಅರ್ಧ ತುಂಬಿದ್ರೆ 180 ಡಿಗ್ರಿ ಅಂದ್ರೆ 3.1416 ರೇಡಿಯನ್, ಪೂರ್ತಿ ತುಂಬಿದ್ರೆ 360 ಡಿಗ್ರಿ ಅಂದ್ರೆ 6.2832 ರೇಡಿಯನ್.

ಬೇಕಾಗೋ ಸೂತ್ರಗಳು ಇಷ್ಟೇ, ಎಲ್ಲಾ ಕಡೆ ಕೋನ ರೇಡಿಯನ್‌ನಲ್ಲೇ ಇರಬೇಕು:

ಕೋನ = 2 × ಆರ್ಕ್‌ಕಾಸ್ (1 − 2 × ಆಳ ÷ ವ್ಯಾಸ)
ಆಳ = (ವ್ಯಾಸ ÷ 2) × (1 − ಕಾಸ್ (ಕೋನ ÷ 2))
ನೀರಿನ ಏರಿಯಾ = (ವ್ಯಾಸ² ÷ 8) × (ಕೋನ − ಸೈನ್ ಕೋನ)
ಒದ್ದೆ ಸುತ್ತು = ವ್ಯಾಸ × ಕೋನ ÷ 2
ಹೈಡ್ರಾಲಿಕ್ ರೇಡಿಯಸ್ = ಏರಿಯಾ ÷ ಒದ್ದೆ ಸುತ್ತು
ಮೇಲ್ಮೈ ಅಗಲ = ವ್ಯಾಸ × ಸೈನ್ (ಕೋನ ÷ 2)

ಒದ್ದೆ ಸುತ್ತು ಅಂದ್ರೆ ಪೈಪ್ ಗೋಡೆಯಲ್ಲಿ ನೀರು ತಾಗಿರೋ ಭಾಗದ ಉದ್ದ, ನೀರಿನ ಮೇಲ್ಮೈ ಇದಕ್ಕೆ ಸೇರಲ್ಲ, ಯಾಕಂದ್ರೆ ಗಾಳಿ ನೀರನ್ನ ಹಿಡಿದು ನಿಲ್ಲಿಸಲ್ಲ, ಗೋಡೆ ಹಿಡಿಯುತ್ತೆ.

ಏರಿಯಾ ಸೂತ್ರ ಎಲ್ಲಿಂದ ಬಂತು ಅಂತ ಒಂದ್ಸಲ ಅರ್ಥ ಮಾಡ್ಕೊಂಡ್ರೆ ಆಮೇಲೆ ಮರೆಯೋದೇ ಇಲ್ಲ. ಕೇಂದ್ರದಿಂದ ಆ ಎರಡು ಗೆರೆಗಳ ನಡುವೆ ಹೋಳಿಗೆ ತುಂಡಿನ ಆಕಾರದ ಒಂದು ಭಾಗ ಇರುತ್ತೆ, ಅದರ ಏರಿಯಾ ತ್ರಿಜ್ಯದ ವರ್ಗ ಗುಣಿಸು ಕೋನ, ಅದರ ಅರ್ಧ. ಅದರಲ್ಲಿ ನೀರಿನ ಮೇಲ್ಮೈಗಿಂತ ಮೇಲಿರೋ ತ್ರಿಕೋನ ಕಳೀಬೇಕು, ಅದು ತ್ರಿಜ್ಯದ ವರ್ಗ ಗುಣಿಸು ಸೈನ್ ಕೋನ, ಅದರ ಅರ್ಧ. ಕಳೆದ್ರೆ ಮೇಲಿನ ಸೂತ್ರ ಬಂತು. ಅರ್ಧಕ್ಕಿಂತ ಜಾಸ್ತಿ ತುಂಬಿದಾಗ ತ್ರಿಕೋನವನ್ನ ಕಳೆಯೋ ಬದಲು ಕೂಡಿಸಬೇಕಲ್ವಾ ಅಂತ ಕೇಳಬಹುದು, ಹೌದು ಕೂಡಿಸಬೇಕು, ಆದ್ರೆ ಕೋನ 180 ದಾಟಿದ ತಕ್ಷಣ ಸೈನ್ ತಾನೇ ಮೈನಸ್ ಆಗುತ್ತೆ, ಮೈನಸ್ ಮೈನಸ್ ಸೇರಿ ಪ್ಲಸ್. ಅಂದ್ರೆ ಅರ್ಧದ ಕೆಳಗೆ ಒಂದು ಸೂತ್ರ, ಮೇಲೆ ಇನ್ನೊಂದು ಸೂತ್ರ ಅಂತ ಬೇಕಾಗಿಲ್ಲ. ಕೆಲವು ಕಡೆ ಎರಡು ಭಾಗ ಮಾಡಿ ಕೊಟ್ಟಿರ್ತಾರೆ, ತಪ್ಪೇನಲ್ಲ, ಆದ್ರೆ ಸುಮ್ನೆ ಗೊಂದಲ. ನಂಗೆ ಈ ಒಂದೇ ಸೂತ್ರ ಇಷ್ಟ.

ಮೊದಲು ಸುಲಭದ್ದು: ಆಳ ಗೊತ್ತು, ಹರಿವು ಬೇಕು

ಹರಿವಿಗೆ ಮ್ಯಾನಿಂಗ್ ಸೂತ್ರ ಬಳಸ್ತೀವಿ. ರಾಬರ್ಟ್ ಮ್ಯಾನಿಂಗ್ ಅನ್ನೋ ಐರ್ಲೆಂಡಿನ ಎಂಜಿನಿಯರ್ 1889ರಲ್ಲಿ ಮಂಡಿಸಿದ್ದು. ಅವರಿಗಿಂತ ಮುಂಚೆ 1867ರಲ್ಲಿ ಫ್ರಾನ್ಸಿನ ಗೋಕ್ಲೇರ್ ಕೂಡ ಇದೇ ರೀತಿಯದ್ದು ಕೊಟ್ಟಿದ್ರು, ಅದಕ್ಕೇ ಕೆಲವರು ಎರಡೂ ಹೆಸರು ಸೇರಿಸಿ ಹೇಳ್ತಾರೆ. ಮೀಟರ್ ಲೆಕ್ಕದಲ್ಲಿ ಅದು ಹೀಗೆ:

ವೇಗ = (1 ÷ ಎನ್) × ಹೈಡ್ರಾಲಿಕ್ ರೇಡಿಯಸ್^(2/3) × ಇಳಿಜಾರು^(1/2)
ಹರಿವು = ವೇಗ × ಏರಿಯಾ

ಎನ್ ಅಂದ್ರೆ ಪೈಪ್ ಒಳಮೈ ಎಷ್ಟು ಒರಟು ಅನ್ನೋ ಸಂಖ್ಯೆ. ಕಾಂಕ್ರೀಟ್ ಪೈಪಿಗೆ, ಸುಟ್ಟ ಜೇಡಿಮಣ್ಣಿನ ಪೈಪಿಗೆ ಸಾಮಾನ್ಯವಾಗಿ 0.013 ಹಿಡೀತಾರೆ, ಪಿವಿಸಿಗೆ 0.009 ರಿಂದ 0.011, ಸುಕ್ಕುಸುಕ್ಕು ಇರೋ ಲೋಹದ ಪೈಪಿಗೆ 0.024 ಹತ್ತಿರ.

ಒಂದು ಉದಾಹರಣೆ. ವ್ಯಾಸ 200 ಮಿಮೀ, ಆಳ 80 ಮಿಮೀ, ಇಳಿಜಾರು 100ಕ್ಕೆ 1 ಅಂದ್ರೆ 0.01, ಎನ್ 0.013.

ಆಳ ÷ ವ್ಯಾಸ = 0.4. ಕೋನ = 2 × ಆರ್ಕ್‌ಕಾಸ್ (0.2) = 2.739 ರೇಡಿಯನ್. ಸೈನ್ ಕೋನ = 0.392. ಏರಿಯಾ = 0.005 × (2.739 − 0.392) = 0.01174 ಚದರ ಮೀಟರ್. ಒದ್ದೆ ಸುತ್ತು = 0.1 × 2.739 = 0.2739 ಮೀಟರ್. ಹೈಡ್ರಾಲಿಕ್ ರೇಡಿಯಸ್ = 0.0428 ಮೀಟರ್. ವೇಗ ಸೆಕೆಂಡಿಗೆ 0.94 ಮೀಟರ್, ಹರಿವು 0.01105 ಘನ ಮೀಟರ್, ಅಂದ್ರೆ ಸೆಕೆಂಡಿಗೆ ಸುಮಾರು 11 ಲೀಟರ್.

ಇಲ್ಲಿ ನಾನು ಶುರುವಿನಲ್ಲಿ ಮಾಡಿದ ತಪ್ಪು ಹೇಳ್ತೀನಿ, ಕ್ಯಾಲ್ಕುಲೇಟರ್ ಡಿಗ್ರಿ ಮೋಡಲ್ಲಿತ್ತು, ಕೋನ 156.9 ಅಂತ ಬಂತು, ಅದನ್ನೇ ಏರಿಯಾ ಸೂತ್ರಕ್ಕೆ ಹಾಕಿದೆ, 0.78 ಚದರ ಮೀಟರ್ ಬಂತು, ಗಮನಿಸದೆ ಮುಂದಕ್ಕೆ ಹೋಗಿಬಿಟ್ಟೆ. ಇಡೀ ಪೈಪಿನ ಏರಿಯಾನೇ 0.0314, ಅದರೊಳಗಿನ ನೀರಿನ ಏರಿಯಾ ಅದಕ್ಕಿಂತ 25 ಪಟ್ಟು ಇರೋಕೆ ಸಾಧ್ಯನೇ ಇಲ್ಲ. ಅವತ್ತಿಂದ ಏರಿಯಾ ಬಂದ ಕೂಡಲೇ ಪೂರ್ತಿ ಪೈಪಿನ ಏರಿಯಾ ಜೊತೆ ಹೋಲಿಸಿ ನೋಡಿಯೇ ಮುಂದಿನ ಹೆಜ್ಜೆ. ನೀವೂ ಹಾಗೇ ಮಾಡಿ. ಎಕ್ಸೆಲ್‌ನಲ್ಲಿ ಮಾಡೋರಿಗೆ ಈ ತೊಂದರೆ ಇಲ್ಲ, ಅದು ರೇಡಿಯನ್‌ನಲ್ಲೇ ಉತ್ತರ ಕೊಡುತ್ತೆ.

ಈಗ ಕಷ್ಟದ್ದು: ಹರಿವು ಗೊತ್ತು, ಆಳ ಬೇಕು

ಇದು ಉಲ್ಟಾ ಲೆಕ್ಕ, ಇಲ್ಲೇ ಎಲ್ಲರೂ ಸಿಕ್ಕಿಹಾಕ್ಕೊಳ್ಳೋದು. ಮ್ಯಾನಿಂಗ್ ಸೂತ್ರದಲ್ಲಿ ಕೋನ ಒಂದು ಸಲ ಒಂಟಿಯಾಗಿ, ಇನ್ನೊಂದು ಸಲ ಸೈನ್ ಒಳಗೆ ಕೂತಿರುತ್ತೆ, ಹಾಗಾಗಿ ಎಷ್ಟೇ ಬೀಜಗಣಿತ ಮಾಡಿದ್ರೂ ಕೋನವನ್ನ ಒಂದು ಕಡೆಗೆ ಬಿಡಿಸಿ ತರೋಕೆ ಆಗಲ್ಲ. ನಿಮ್ಮ ಗಣಿತ ಕಮ್ಮಿ ಆಯ್ತು ಅಂತ ಅಂದ್ಕೋಬೇಡಿ, ಈ ಸಮೀಕರಣದ ಗುಣವೇ ಹಾಗೆ. ಊಹೆ ಮಾಡು, ಪರೀಕ್ಷೆ ಮಾಡು, ತಿದ್ದು, ಇದೇ ದಾರಿ.

ಮೊದಲು ಪೈಪ್ ಪೂರ್ತಿ ತುಂಬಿದ್ರೆ ಎಷ್ಟು ಹರಿಯುತ್ತೆ ಅಂತ ಕಂಡುಹಿಡೀರಿ:

ಪೂರ್ತಿ ಹರಿವು = (0.3117 ÷ ಎನ್) × ವ್ಯಾಸ^(8/3) × ಇಳಿಜಾರು^(1/2)

ನಿಮ್ಮ ಹರಿವನ್ನ ಇದರಿಂದ ಭಾಗಿಸಿ, ಅದನ್ನ 'ಅನುಪಾತ' ಅಂತ ಕರೆಯೋಣ. ಇಷ್ಟು ಮಾಡಿದ್ರೆ ಇಳಿಜಾರು, ಎನ್, ವ್ಯಾಸ ಎಲ್ಲ ಪಕ್ಕಕ್ಕೆ ಹೋಗಿ ಬರೀ ಆಕಾರದ ಲೆಕ್ಕ ಉಳಿಯುತ್ತೆ. ಯಾವ ಅಳತೆಯ ವೃತ್ತಾಕಾರದ ಪೈಪೇ ಆಗಲಿ, ಈ ಕೆಳಗಿನ ಪಟ್ಟಿ ಅದಕ್ಕೆ ಹೊಂದುತ್ತೆ. ಎಡಗಡೆಯಿಂದ ಕ್ರಮವಾಗಿ ಆಳ ÷ ವ್ಯಾಸ, ಏರಿಯಾ ಅನುಪಾತ, ವೇಗದ ಅನುಪಾತ, ಹರಿವಿನ ಅನುಪಾತ:

0.1 — 0.052 — 0.40 — 0.021
0.2 — 0.142 — 0.62 — 0.088
0.3 — 0.252 — 0.78 — 0.196
0.4 — 0.374 — 0.90 — 0.337
0.5 — 0.500 — 1.00 — 0.500
0.6 — 0.626 — 1.07 — 0.672
0.7 — 0.748 — 1.12 — 0.837
0.8 — 0.858 — 1.14 — 0.977
0.9 — 0.948 — 1.12 — 1.066
1.0 — 1.000 — 1.00 — 1.000

ಅವಸರಕ್ಕೆ ಈ ಪಟ್ಟಿನೇ ಸಾಕು, ನಡುವಿನ ಬೆಲೆಗಳಿಗೆ ಅಂದಾಜು ಮಾಡ್ಕೊಳ್ಳಿ. ಸರಿಯಾದ ಉತ್ತರ ಬೇಕಂದ್ರೆ ಈ ಸೂತ್ರವನ್ನ ಮತ್ತೆ ಮತ್ತೆ ಓಡಿಸಬೇಕು:

ಹೊಸ ಕೋನ = ಸೈನ್ (ಹಳೇ ಕೋನ) + (6.2832 × ಅನುಪಾತ)^0.6 × (ಹಳೇ ಕೋನ)^0.4

ಒಂದು ಊಹೆ ಹಾಕಿ, ಹೊಸ ಕೋನ ಬರುತ್ತೆ, ಅದನ್ನೇ ಮತ್ತೆ ಹಾಕಿ, ಹೀಗೆ ಬದಲಾಗೋದು ನಿಲ್ಲೋವರೆಗೆ. ಶುರು ಮಾಡೋಕೆ 3.1416 ಒಳ್ಳೇ ಊಹೆ.

ಮಾಡಿ ನೋಡೋಣ. ವ್ಯಾಸ 300 ಮಿಮೀ, ಇಳಿಜಾರು 200ಕ್ಕೆ 1 ಅಂದ್ರೆ 0.005, ಎನ್ 0.013, ಹರಿವು ಸೆಕೆಂಡಿಗೆ 40 ಲೀಟರ್.

0.3 ರ 8/3 ಘಾತ 0.04033. ಪೂರ್ತಿ ಹರಿವು = 23.98 × 0.04033 × 0.0707 = 0.0684 ಘನ ಮೀಟರ್, ಅಂದ್ರೆ 68.4 ಲೀಟರ್. ಅನುಪಾತ = 40 ÷ 68.4 = 0.585. (6.2832 × 0.585) ರ 0.6 ಘಾತ = 2.184. ಈ 2.184 ಕೊನೇವರೆಗೂ ಬದಲಾಗಲ್ಲ, ಒಂದೇ ಸಲ ಲೆಕ್ಕ ಹಾಕಿ ಬರೆದಿಟ್ಕೊಳ್ಳಿ.

3.1416 ಇಂದ ಶುರು ಮಾಡಿದ್ರೆ 3.452 ಬರುತ್ತೆ. ಅದನ್ನ ಹಾಕಿದ್ರೆ 3.279. ಆಮೇಲೆ 3.374, 3.321, 3.351, 3.334... ಒಂದ್ಸಲ ಜಾಸ್ತಿ, ಒಂದ್ಸಲ ಕಮ್ಮಿ, ಉಯ್ಯಾಲೆ ಥರ ಆಡ್ತಾ ಆಡ್ತಾ ನಿಧಾನಕ್ಕೆ 3.340 ಹತ್ರ ಬಂದು ನಿಲ್ಲುತ್ತೆ. ಕೈಯಲ್ಲಿ ಮಾಡೋರಿಗೆ ಇದು ಬೇಜಾರು. ಅದಕ್ಕೆ ಒಂದು ಉಪಾಯ, ಹಳೇದು ಹೊಸದು ಎರಡರ ಸರಾಸರಿ ತಗೊಂಡು ಅದನ್ನ ಮುಂದಿನ ಊಹೆ ಮಾಡ್ಕೊಳ್ಳಿ. ಆಗ 3.1416, 3.297, 3.331, 3.338, 3.340, ನಾಲ್ಕೇ ಸುತ್ತಿಗೆ ಬಂತು. ಉಯ್ಯಾಲೆ ಆಡೋವಾಗ ಮಾತ್ರ ಸರಾಸರಿ ತಗೊಳ್ಳಿ, ಒಂದೇ ದಿಕ್ಕಲ್ಲಿ ಮೆಲ್ಲಗೆ ಹೋಗ್ತಾ ಇದ್ರೆ ಸರಾಸರಿ ತಗೊಂಡ್ರೆ ಇನ್ನೂ ನಿಧಾನ ಆಗುತ್ತೆ. ತೀರಾ ಕಮ್ಮಿ ಆಳದಲ್ಲಿ ಮತ್ತೆ 90% ಹತ್ತಿರ ತುಂಬಿದಾಗ ಹಾಗೆ ನಿಧಾನ ಆಗೋದು ಸಹಜ, ಆಗ ಸುತ್ತು ಜಾಸ್ತಿ ಓಡಿಸಬೇಕು ಅಷ್ಟೇ.

ಕೋನ 3.340 ಸಿಕ್ತು. ಆಳ = 0.15 × (1 − ಕಾಸ್ 1.670) = 0.15 × 1.099 = 0.165 ಮೀಟರ್. 165 ಮಿಮೀ, ಅಂದ್ರೆ ಪೈಪಿನ 55%. ಇಲ್ಲಿಗೆ ಬಿಡಬೇಡಿ, ತಾಳೆ ನೋಡಿ: ಏರಿಯಾ 0.01125 × (3.340 + 0.197) = 0.0398, ವೇಗ 0.04 ÷ 0.0398 = ಸೆಕೆಂಡಿಗೆ 1.0 ಮೀಟರ್. ಪಟ್ಟಿಯಲ್ಲಿ 0.5ಕ್ಕೂ 0.6ಕ್ಕೂ ನಡುವೆ ಹರಿವು 0.500ಕ್ಕೂ 0.672ಕ್ಕೂ ನಡುವೆ ಇದೆ, ನಮ್ಮ 0.585 ಹೆಚ್ಚುಕಮ್ಮಿ ಮಧ್ಯದಲ್ಲಿ ಬರುತ್ತೆ. ಸರಿ ಇದೆ.

ಸುತ್ತು ಸುತ್ತೋಕೆ ಇಷ್ಟ ಇಲ್ಲದವರಿಗೆ ಒಂದೇ ಏಟಿಗೆ ಉತ್ತರ ಕೊಡೋ ಅಂದಾಜು ಸೂತ್ರನೂ ಇದೆ, 1990ರಲ್ಲಿ ಪ್ರಕಟ ಆಗಿದ್ದು. ಮೊದಲು ಕೆ = ಹರಿವು × ಎನ್ ÷ (ವ್ಯಾಸ^(8/3) × ಇಳಿಜಾರು^(1/2)) ಕಂಡುಹಿಡೀರಿ. ಕೆ ಯನ್ನ 3.1416 ಇಂದ ಗುಣಿಸಿ ವರ್ಗಮೂಲ ತಗೊಳ್ಳಿ, 1 ರಿಂದ ಕಳೀರಿ, ಮತ್ತೆ ವರ್ಗಮೂಲ, ಮತ್ತೆ 1 ರಿಂದ ಕಳೀರಿ, ಮತ್ತೆ ವರ್ಗಮೂಲ, ಕೊನೇಗೆ 4.712 ಇಂದ ಗುಣಿಸಿದ್ರೆ ಕೋನ. ಇದು 265 ಡಿಗ್ರಿವರೆಗೆ ಮಾತ್ರ ನಂಬಬಹುದು. ಅರ್ಧ ತುಂಬಿದಾಗ ಇದು 3.168 ಕೊಡುತ್ತೆ, ನಿಜವಾದ ಉತ್ತರ 3.142, ಒಂದು ಶೇಕಡಾಕ್ಕಿಂತ ಕಮ್ಮಿ ವ್ಯತ್ಯಾಸ. ಬರೀ ವರ್ಗಮೂಲ ಬಟನ್‌ನಲ್ಲಿ ಇಷ್ಟು ನಿಖರತೆ ಬರೋದು ನಂಗೆ ಈಗಲೂ ಖುಷಿ ಕೊಡೋ ವಿಷಯ. ಎಕ್ಸೆಲ್‌ನಲ್ಲಿ ಗೋಲ್ ಸೀಕ್ (ಬೇಕಾದ ಉತ್ತರ ಬರೋವರೆಗೆ ಒಂದು ಬೆಲೆಯನ್ನ ತಾನೇ ಬದಲಾಯಿಸ್ತಾ ಹುಡುಕೋ ಸೌಲಭ್ಯ) ಕೂಡ ಬಳಸಬಹುದು, ಆದ್ರೆ ಅದಕ್ಕೆ ಆಳ ಬದಲಾಯಿಸೋಕೆ ಬಿಡಬೇಡಿ, ಕೋನ ಬದಲಾಯಿಸೋಕೆ ಬಿಡಿ, ಯಾಕಂದ್ರೆ ಹುಡುಕೋ ಭರದಲ್ಲಿ ಆಳ ವ್ಯಾಸಕ್ಕಿಂತ ಜಾಸ್ತಿ ಹೋದ್ರೆ ಆರ್ಕ್‌ಕಾಸ್ ಎರರ್ ಕೊಟ್ಟು ಅಲ್ಲೇ ನಿಂತುಬಿಡುತ್ತೆ.

ಮೇಲಿನ 20% ಹುಷಾರು

ಪಟ್ಟಿಯ ಕೊನೇ ಸಾಲುಗಳನ್ನ ಮತ್ತೊಂದು ಸಲ ನೋಡಿ. ಆಳ 0.9 ಇದ್ದಾಗ ಹರಿವು 1.066, ಪೂರ್ತಿ ತುಂಬಿದಾಗ 1.000. ಅಂದ್ರೆ ಪೂರ್ತಿ ತುಂಬಿದ ಪೈಪಿಗಿಂತ ಸ್ವಲ್ಪ ಖಾಲಿ ಇರೋ ಪೈಪು ಜಾಸ್ತಿ ನೀರು ಒಯ್ಯುತ್ತೆ! ಮೊದಲ ಸಲ ನೋಡಿದವರು ಪ್ರಿಂಟ್ ಮಿಸ್ಟೇಕ್ ಅಂದ್ಕೊಳ್ತಾರೆ, ಅಲ್ಲ. ಕೊನೇ ಸ್ವಲ್ಪ ಆಳ ತುಂಬುವಾಗ ಏರಿಯಾ ಹೆಚ್ಚೋದು ಚೂರೇ ಚೂರು, ಆದ್ರೆ ಒದ್ದೆ ಸುತ್ತು ಗಬಕ್ಕನೆ ಹೆಚ್ಚುತ್ತೆ, ಮೇಲ್ಛಾವಣಿ ಪೂರ್ತಿ ನೀರಿಗೆ ತಾಗಿಬಿಡುತ್ತಲ್ಲ. ಗೋಡೆಯ ಹಿಡಿತ ಜಾಸ್ತಿ ಆಗಿ ವೇಗ ಇಳಿಯುತ್ತೆ. ವೇಗ ಅತಿ ಹೆಚ್ಚು ಇರೋದು ಆಳ 81% ಇದ್ದಾಗ, ಪೂರ್ತಿ ವೇಗದ 1.14 ಪಟ್ಟು. ಹರಿವು ಅತಿ ಹೆಚ್ಚು ಇರೋದು 93.8% ಇದ್ದಾಗ, 1.076 ಪಟ್ಟು, ಆಗ ಕೋನ 302.4 ಡಿಗ್ರಿ.

ಇದರಿಂದ ನಮ್ಮ ಲೆಕ್ಕಕ್ಕೆ ಏನು ತೊಂದರೆ ಅಂದ್ರೆ, ಅನುಪಾತ 1.000 ಇಂದ 1.076 ನಡುವೆ ಇದ್ರೆ ಎರಡೆರಡು ಆಳ ಉತ್ತರವಾಗಿ ಬರುತ್ತೆ. ಅನುಪಾತ ಸರಿಯಾಗಿ 1 ಅಂದ್ರೆ ಆಳ 82% ಕೂಡ ಸರಿ, 100% ಕೂಡ ಸರಿ. ಕಂಪ್ಯೂಟರ್ ಪ್ರೋಗ್ರಾಂ ಬರೆಯೋರು ಕೋನವನ್ನ 0 ಇಂದ 6.283ವರೆಗೆ ಹುಡುಕೋಕೆ ಬಿಟ್ರೆ ಯಾವಾಗ ಯಾವ ಉತ್ತರ ಬರುತ್ತೋ ಹೇಳೋಕಾಗಲ್ಲ. 0 ಇಂದ 5.278 ರೇಡಿಯನ್‌ವರೆಗೆ ಮಾತ್ರ ಹುಡುಕಿ, ಆಗ ಕೆಳಗಿನ ಉತ್ತರ ಒಂದೇ ಬರುತ್ತೆ. ಅನುಪಾತ 1.076 ದಾಟಿದ್ರೆ ಉತ್ತರವೇ ಇಲ್ಲ, ಪೈಪ್ ಒತ್ತಡದಲ್ಲಿ ಹರಿಯುತ್ತೆ, ಮ್ಯಾನ್‌ಹೋಲ್‌ನಲ್ಲಿ ನೀರು ಮೇಲೇರುತ್ತೆ, ಅದು ಬೇರೆ ಲೆಕ್ಕ.

ಆ ಹೆಚ್ಚಿನ 7.6% ಬಳಸ್ಕೊಂಡು ಸಣ್ಣ ಪೈಪ್ ಹಾಕೋಣ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಒಪ್ಪಬೇಡಿ. ಆ ಎತ್ತರದಲ್ಲಿ ಹರಿವು ಸ್ಥಿರವಾಗಿರಲ್ಲ, ಒಂದು ಸಣ್ಣ ಅಲೆ ಮೇಲ್ಛಾವಣಿಗೆ ತಾಗಿದ್ರೆ ಸಾಕು, ಗಾಳಿಯ ದಾರಿ ಮುಚ್ಚಿ ಪೈಪ್ ದಿಢೀರ್ ಅಂತ ಪೂರ್ತಿ ತುಂಬಿಬಿಡುತ್ತೆ, ತುಂಬಿದ ತಕ್ಷಣ ಸಾಮರ್ಥ್ಯ ಕಮ್ಮಿ ಆಗುತ್ತೆ, ಹಿಂದೆ ನೀರು ಕಟ್ಟಿಕೊಳ್ಳುತ್ತೆ. ಡಿಸೈನ್‌ನಲ್ಲಿ ಆಳ 0.8 ದಾಟಬಾರದು ಅಂತ ತುಂಬಾ ಕಡೆ ಇಡೋದರ ಹಿಂದೆ ಇದೂ ಒಂದು ಕಾರಣ.

ಲೆಕ್ಕ ಸರಿ ಇದ್ರೂ ಉತ್ತರ ತಪ್ಪೋದು ಎಲ್ಲಿ

ವ್ಯಾಸ. ಇದೇ ಮೊದಲನೇದು. ಸೂತ್ರಕ್ಕೆ ಬೇಕಿರೋದು ಒಳವ್ಯಾಸ. ಪಿವಿಸಿ ಪೈಪ್ ಮೇಲೆ ಬರೆದಿರೋದು ಸಾಮಾನ್ಯವಾಗಿ ಹೊರವ್ಯಾಸ. 315 ಮಿಮೀ ಅಂತ ಬರೆದಿರೋ ಪೈಪಿಗೆ ಗೋಡೆ 9.2 ಮಿಮೀ ದಪ್ಪ ಇದ್ರೆ ಒಳವ್ಯಾಸ 296.6 ಮಾತ್ರ. ಬರೀ 18 ಮಿಮೀ ತಾನೇ ಅನ್ಸುತ್ತೆ, ಆದ್ರೆ ವ್ಯಾಸ 8/3 ಘಾತದಲ್ಲಿದೆ, ಸಾಮರ್ಥ್ಯ ಹತ್ರ ಹತ್ರ 15% ಇಳಿದುಹೋಗುತ್ತೆ.

ಇಳಿಜಾರು ಎರಡನೇದು. 0.5% ಅಂದ್ರೆ 0.005, ಅದನ್ನ 0.5 ಅಂತ ಟೈಪ್ ಮಾಡಿದ್ರೆ ಹರಿವು 10 ಪಟ್ಟು ಬರುತ್ತೆ. 100 ಪಟ್ಟು ಬರಲ್ಲ, ವರ್ಗಮೂಲ ಇರೋದ್ರಿಂದ 10 ಪಟ್ಟು, ಹಾಗಾಗಿ ಕೆಲವು ಸಲ ನಂಬೋ ಹಾಗೇ ಕಾಣುತ್ತೆ, ಅದೇ ಅಪಾಯ. ಹರಿವು ಯಾವಾಗಲೂ ಘನ ಮೀಟರಲ್ಲಿ ಹಾಕಿ, ಲೀಟರಲ್ಲಿ ಅಲ್ಲ.

ಎನ್ ಬಗ್ಗೆ ಒಂದು ಸೂಕ್ಷ್ಮ ಇದೆ. ಮೇಲಿನ ಪಟ್ಟಿ ಪೂರ್ತಿ ಎನ್ ಬದಲಾಗಲ್ಲ ಅನ್ನೋ ಊಹೆ ಮೇಲೆ ನಿಂತಿದೆ. 1946ರಲ್ಲಿ ಕ್ಯಾಂಪ್ ಅನ್ನೋ ಎಂಜಿನಿಯರ್ ಆಳ ಬದಲಾದ ಹಾಗೆ ಎನ್ ಕೂಡ ಬದಲಾಗುತ್ತೆ ಅಂತ ತೋರಿಸೋ ವಕ್ರರೇಖೆ ಕೊಟ್ರು. ಅದರ ಪ್ರಕಾರ ಅರ್ಧ ತುಂಬಿದ ಪೈಪಲ್ಲಿ ಹರಿವು 0.5 ಅಲ್ಲ, ಸುಮಾರು 0.4. ಅಂದ್ರೆ ಅದೇ ಹರಿವಿಗೆ ನಿಜವಾದ ಆಳ ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತೆ. ಯಾವುದನ್ನ ಬಳಸಬೇಕು ಅಂತ ನಿಮ್ಮ ಡಿಸೈನ್ ಕೈಪಿಡಿ ಹೇಳುತ್ತೆ, ಆದ್ರೆ ಎರಡನ್ನ ಕಲಸಬೇಡಿ, ಒಂದು ಚಾರ್ಟಿಂದ ವೇಗ ಇನ್ನೊಂದು ಚಾರ್ಟಿಂದ ಆಳ ತಗೊಂಡ್ರೆ ಎರಡೂ ಕೆಡುತ್ತೆ. ನನ್ನ ಮಟ್ಟಿಗೆ, ಪೈಪ್ ಅಳತೆ ಆರಿಸೋವಾಗ ಎನ್ ಸ್ಥಿರ ಇಟ್ಕೊಂಡು ಮಾಡ್ತೀನಿ, ಅಳೆದ ಆಳದಿಂದ ನಿಜವಾದ ಹರಿವು ಹೇಳಬೇಕಾದಾಗ ಎರಡೂ ಥರ ಮಾಡಿ ನಡುವಿನ ಅಂತರ ಎಷ್ಟಿದೆ ಅಂತ ತಿಳಿಸ್ತೀನಿ.

ಜಾಗದಲ್ಲಿ ಆಳ ಅಳೆಯೋದು ಹೇಗೆ ಅಂದ್ರೆ, ಕೋಲನ್ನ ತಳಕ್ಕೆ ಊರಿ ಒದ್ದೆ ಆದಷ್ಟು ಓದಿದ್ರೆ ಕೋಲಿನ ಮುಂದೆ ನೀರು ಉಬ್ಬಿ ಅಳತೆ ಜಾಸ್ತಿ ಬರುತ್ತೆ, ತಳದಲ್ಲಿ ಹೂಳಿದ್ರೆ ಇನ್ನೂ ಕೆಡುತ್ತೆ. ಮೇಲ್ಛಾವಣಿಯಿಂದ ನೀರಿನ ಮೇಲ್ಮೈವರೆಗೆ ಅಳೆದು ಒಳವ್ಯಾಸದಿಂದ ಕಳೆಯೋದು ವಾಸಿ. ಹೂಳಿದ್ರೆ ಅದರ ದಪ್ಪ ಬೇರೆ ಅಳೀರಿ, ಹೂಳಿನ ಏರಿಯಾ ಕೂಡ ಇದೇ ಸೂತ್ರದಿಂದ ಬರುತ್ತೆ, ಅದನ್ನ ಒಟ್ಟು ಏರಿಯಾದಿಂದ ಕಳೀರಿ. ಒದ್ದೆ ಸುತ್ತಿಗೆ ಮಾತ್ರ ಹೂಳಿನ ಮೇಲ್ಮೈ ಅಗಲ ಸೇರಿಸಬೇಕು, ಹೂಳಿನಡಿ ಮುಚ್ಚಿಹೋದ ಗೋಡೆ ಬಿಡಬೇಕು.

ಕಮ್ಮಿ ಆಳದಲ್ಲಿ ಅಳತೆಯ ತಪ್ಪು ದೊಡ್ಡದಾಗುತ್ತೆ. 300 ಮಿಮೀ ಪೈಪಲ್ಲಿ 165 ಮಿಮೀ ನೀರಿದ್ದಾಗ 5 ಮಿಮೀ ತಪ್ಪಿದ್ರೆ ಹರಿವು 5% ತಪ್ಪುತ್ತೆ, ಅದೇ 30 ಮಿಮೀ ನೀರಿದ್ದಾಗ ಅದೇ 5 ಮಿಮೀಗೆ ಮೂರನೇ ಒಂದು ಪಾಲು ತಪ್ಪುತ್ತೆ.

ಈ ಆಳ ಯಾವಾಗ ನಿಜ

ನಾವು ಇಷ್ಟೊತ್ತು ಹುಡುಕಿದ್ದು ನಾರ್ಮಲ್ ಡೆಪ್ತ್ ಅನ್ನೋದು. ಉದ್ದನೆಯ ಪೈಪು, ಒಂದೇ ಇಳಿಜಾರು, ಒಂದೇ ಹರಿವು, ಮುಂದೆ ಅಡ್ಡಿ ಇಲ್ಲ, ಆಗ ನೀರು ಬಂದು ನಿಲ್ಲೋ ಆಳ. ಪೈಪ್ ಬಾಯಿಂದ ನೀರು ಕೆಳಗೆ ಧುಮುಕೋ ಜಾಗದ ಹತ್ರ ಆಳ ಕಮ್ಮಿ ಇರುತ್ತೆ, ಮುಂದೆ ನೀರು ಕಟ್ಟಿಕೊಂಡಿದ್ರೆ ಜಾಸ್ತಿ ಇರುತ್ತೆ. ಮ್ಯಾನ್‌ಹೋಲ್ ಪಕ್ಕದಲ್ಲೇ ಅಳೆದು ಲೆಕ್ಕ ಕೂಡಲಿಲ್ಲ ಅಂತ ಸೂತ್ರವನ್ನ ಬೈಯ್ಯೋ ಮುಂಚೆ ಇದನ್ನ ನೋಡಿ.

ಇದರ ಜೊತೆ ಕ್ರಿಟಿಕಲ್ ಡೆಪ್ತ್ ಕೂಡ ಒಂದ್ಸಲ ನೋಡೋದು ಒಳ್ಳೇದು. ಏರಿಯಾವನ್ನ ಮೇಲ್ಮೈ ಅಗಲದಿಂದ ಭಾಗಿಸಿ, 9.81 ಇಂದ ಗುಣಿಸಿ, ವರ್ಗಮೂಲ ತಗೊಳ್ಳಿ, ವೇಗವನ್ನ ಅದರಿಂದ ಭಾಗಿಸಿದ್ರೆ ಫ್ರೌಡ್ ಸಂಖ್ಯೆ. 1 ಕ್ಕಿಂತ ಕಮ್ಮಿ ಇದ್ರೆ ನಿಧಾನದ ಹರಿವು, ಜಾಸ್ತಿ ಇದ್ರೆ ರಭಸದ ಹರಿವು, ಅದೇ ಹರಿವಿಗೆ ಇದು ಸರಿಯಾಗಿ 1 ಆಗೋ ಆಳವೇ ಕ್ರಿಟಿಕಲ್ ಡೆಪ್ತ್. ನಮ್ಮ ಉದಾಹರಣೆಯಲ್ಲಿ ಏರಿಯಾ 0.0398, ಅಗಲ 0.2985, ವೇಗ 1.0, ಫ್ರೌಡ್ ಸಂಖ್ಯೆ 0.88. ಕ್ರಿಟಿಕಲ್ ಡೆಪ್ತ್ 154 ಮಿಮೀ, ನಾರ್ಮಲ್ ಡೆಪ್ತ್ 165. ಎರಡೂ ಇಷ್ಟು ಹತ್ತಿರ ಇದ್ರೆ ನೀರಿನ ಮೇಲ್ಮೈ ಸಮತಟ್ಟಾಗಿ ಇರಲ್ಲ, ಅಲೆ ಅಲೆಯಾಗಿ ಏರಿಳೀತಾ ಇರುತ್ತೆ, ಹಾಗಾಗಿ 165 ಅನ್ನೋದನ್ನ ಸರಾಸರಿ ಅಂತ ತಿಳ್ಕೊಂಡು ಮೇಲೆ ಸ್ವಲ್ಪ ಜಾಗ ಬಿಡಬೇಕು.

ನೀರು ಹರೀದೇ ನಿಂತಿದ್ರೆ

ಮಲಗಿಸಿಟ್ಟ ಸಿಲಿಂಡರ್ ಟ್ಯಾಂಕ್‌ಗೂ ಇದೇ ಜ್ಯಾಮಿತಿ, ಮ್ಯಾನಿಂಗ್ ಬೇಕಾಗಿಲ್ಲ. ಎರಡೂ ತುದಿ ಚಪ್ಪಟೆ ಇದ್ರೆ ನೀರಿನ ಘನ ಅಳತೆಯನ್ನ ಟ್ಯಾಂಕ್ ಉದ್ದದಿಂದ ಭಾಗಿಸಿದ್ರೆ ಏರಿಯಾ, ಆಮೇಲೆ:

ಕೋನ − ಸೈನ್ ಕೋನ = 8 × ಏರಿಯಾ ÷ ವ್ಯಾಸ²

ಇದೂ ನೇರವಾಗಿ ಬಿಡಿಸೋಕೆ ಬರಲ್ಲ. ಗ್ರಹಗಳ ಚಲನೆಗೆ ಕೆಪ್ಲರ್ ಬರೆದ ಸಮೀಕರಣದ ರೂಪನೂ ಇದೇ, ಅಲ್ಲೂ ಕೋನ ಒಂದ್ಸಲ ಒಂಟಿ, ಒಂದ್ಸಲ ಸೈನ್ ಒಳಗೆ. ಇಲ್ಲಿ ನ್ಯೂಟನ್ ವಿಧಾನ ಬೇಗ ಕೆಲಸ ಮಾಡುತ್ತೆ. ಬಲಗಡೆ ಬೆಲೆಯನ್ನ 'ಗುರಿ' ಅಂತ ಇಟ್ಕೊಳ್ಳಿ:

ಹೊಸ ಕೋನ = ಹಳೇ ಕೋನ − (ಹಳೇ ಕೋನ − ಸೈನ್ ಹಳೇ ಕೋನ − ಗುರಿ) ÷ (1 − ಕಾಸ್ ಹಳೇ ಕೋನ)

ಕಾಲು ಟ್ಯಾಂಕ್ ನೀರಿದ್ರೆ ಗುರಿ 1.5708. 2 ಇಂದ ಶುರು ಮಾಡಿದ್ರೆ 2.339, ಆಮೇಲೆ 2.310, ಎರಡೇ ಸುತ್ತು. ಆಳ ವ್ಯಾಸದ 29.8% ಬರುತ್ತೆ. ಅಳತೆಕೋಲಿಗೆ ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಹಾಕೋದಾದ್ರೆ 29.8, 50, 70.2 ಶೇಕಡಾದಲ್ಲಿ ಹಾಕಬೇಕು, 25 ಮತ್ತು 75ರಲ್ಲಿ ಅಲ್ಲ.

ನಿಮ್ಮದೇ ಒಂದು ಶೀಟ್ ಮಾಡ್ಕೊಂಡ್ರೆ ಬಳಸೋ ಮುಂಚೆ ಒಂದು ಪರೀಕ್ಷೆ ಮಾಡಿ. ಆಳ ಅಂದ್ರೆ ವ್ಯಾಸದ ಅರ್ಧ ಹಾಕಿ ನೋಡಿ, ಕೋನ 3.1416 ಬರಬೇಕು, ಹೈಡ್ರಾಲಿಕ್ ರೇಡಿಯಸ್ ವ್ಯಾಸದ ಕಾಲು ಭಾಗ ಬರಬೇಕು, ವೇಗ ಪೂರ್ತಿ ತುಂಬಿದ ಪೈಪಿನ ವೇಗದಷ್ಟೇ ಇರಬೇಕು, ಹರಿವು ಸರಿಯಾಗಿ ಅರ್ಧ ಇರಬೇಕು. ಆಮೇಲೆ 0.938 ಹಾಕಿ, ಹರಿವು 1.076 ಬರಬೇಕು. ಮೊದಲನೇದು ಸರಿ ಬಂದು ಎರಡನೇದು ತಪ್ಪಿದ್ರೆ ಅರ್ಧದ ಮೇಲಿನ ಭಾಗದಲ್ಲಿ ಸೈನ್ ಚಿಹ್ನೆ ಎಲ್ಲೋ ಉಲ್ಟಾ ಆಗಿರುತ್ತೆ, ಅಲ್ಲಿ ಹುಡುಕಿ.